ಟ್ಯೂಷನ್ ಫೀಸ್ ಅಂದರೆ ಯಾವ ಟ್ಯೂಷನ್ನು?

ಹಳೆಯ ಆದಾಯ ತೆರಿಗೆ ಕಾಯ್ದೆ ಹೋಗಿ 2025ರ ಹೊಸ ಕಾಯ್ದೆ ಬಂತು. 2026ರ ಏಪ್ರಿಲ್ 1ರಿಂದ ಅದರದೇ ಲೆಕ್ಕ. ಪಿಎಫ್, ಎಲ್‌ಐಸಿ, ಮಕ್ಕಳ ಫೀಸು ಇತ್ಯಾದಿಗೆ ತೆರಿಗೆ ವಿನಾಯಿತಿ ಕೊಡುವ, ಸಂಬಳದಾರರ ನಾಲಗೆಯ ಮೇಲೆ ಕೂತಿದ್ದ ‘80ಸಿ’ ಸೆಕ್ಷನ್ ಈಗ 123ನೇ ಸೆಕ್ಷನ್ ಆಗಿದೆ. ನಂಬರ್ ಬದಲಾದರೂ ಹಳೇ ಪ್ರಶ್ನೆ ಹಾಗೇ ಉಳಿದಿದೆ: ಮಕ್ಕಳ ಟ್ಯೂಷನ್ ಫೀಸಿಗೆ ತೆರಿಗೆ ವಿನಾಯಿತಿ ಇದೆ ಅಂತಾರೆ, ಹಾಗಾದರೆ ಸಂಜೆ ಪಕ್ಕದ ಬೀದಿಯ ಮಿಸ್ ಹತ್ತಿರ ಗಣಿತಕ್ಕೆ ಕಳಿಸುತ್ತೇವಲ್ಲ, ಅದನ್ನೂ ತೋರಿಸಬಹುದಾ?

ತೋರಿಸುವಂತಿಲ್ಲ. ಕಾಯ್ದೆ ಹೇಳುವ ಟ್ಯೂಷನ್ ಬೇರೆ, ನಾವು ಮನೆಯಲ್ಲಿ ಹೇಳುವ ಟ್ಯೂಷನ್ ಬೇರೆ. ಕಾಯ್ದೆಯದು ಶಾಲೆ, ಕಾಲೇಜಿಗೆ ಕಟ್ಟುವ ಬೋಧನಾ ಶುಲ್ಕ. ನಮ್ಮದು ಶಾಲೆ ಬಿಟ್ಟ ಮೇಲಿನ ಪಾಠ.

ಗೊಂದಲ ಇಷ್ಟಕ್ಕೇ ನಿಲ್ಲಲ್ಲ. ‘ಶಿಕ್ಷಕರು ಟ್ಯೂಷನ್ ಹೇಳುವಂತಿಲ್ಲ’ ಎಂದು ಒಂದು ಸುದ್ದಿ ಬರುತ್ತದೆ. ‘ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಟ್ಯೂಷನ್ ಏರಿಕೆ’ ಎಂದು ಇನ್ನೊಂದು. ‘ಖಾಸಗಿ ಶಾಲೆಗಳು ಟ್ಯೂಷನ್ ಫೀ ಮಾತ್ರ ವಸೂಲಿ ಮಾಡಬೇಕು’ ಎಂದು ಮತ್ತೊಂದು. ಮೊದಲನೆಯದು ಸಂಜೆ ಪಾಠ, ಎರಡನೆಯದು ದುಡ್ಡು, ಮೂರನೆಯದು ತರಗತಿಯ ಪಾಠಕ್ಕೆ ಕೊಡುವ ದುಡ್ಡು. ಒಂದೇ ಪದ ಇಷ್ಟು ಕಡೆ ದುಡಿಯುತ್ತಿದ್ದರೆ ಓದುಗರು ತಬ್ಬಿಬ್ಬಾಗದೆ ಇನ್ನೇನು? ಈ ಪದ ಎಲ್ಲಿಂದ ಹೊರಟು ಎಲ್ಲಿಗೆ ಬಂತು ಅಂತ ನೋಡಿದರೆ ಸಿಕ್ಕು ಸ್ವಲ್ಪ ಬಿಡುತ್ತದೆ. ಜೊತೆಗೆ, ನಮ್ಮ ಕಾನೂನುಗಳು ಟ್ಯೂಷನ್ ವಿಷಯದಲ್ಲಿ ಯಾಕೆ ಒಂದೊಂದು ದಿಕ್ಕಿಗೆ ಎಳೆಯುತ್ತವೆ ಅನ್ನುವುದೂ ತಿಳಿಯುತ್ತದೆ.

ಮೊದಲು ಅದು ಪಾಠವೇ ಆಗಿರಲಿಲ್ಲ

ಲ್ಯಾಟಿನ್ ಭಾಷೆಯಲ್ಲಿ ‘ತುಏರಿ’ ಎಂಬ ಕ್ರಿಯಾಪದವಿದೆ. ನೋಡು, ಕಣ್ಣಿಡು, ಕಾಯು ಅಂತ ಅರ್ಥ. ನಮ್ಮಲ್ಲಿ ‘ಮಗೂನ ಸ್ವಲ್ಪ ನೋಡ್ಕೊಳ್ಳಿ’ ಅಂದಾಗ ನೋಡುವುದೂ ಕಾಯುವುದೂ ಒಂದೇ ಆಗುತ್ತದಲ್ಲ, ಹಾಗೆ. ಇದರಿಂದ ಬಂದದ್ದು ‘ತುಯಿತಿಯೋ’, ಅಂದರೆ ಕಾವಲು, ರಕ್ಷಣೆ. ಟ್ಯೂಷನ್‌ನ ಅಜ್ಜ ಇದೇ. ‘ಟ್ಯೂಟರ್’ ಅದೇ ಮನೆಯವನು.

ರೋಮನ್ ಕಾನೂನಿನಲ್ಲಿ ‘ತೂತೋರ್’ ಪಾಠ ಹೇಳುವವನಲ್ಲ. ತಂದೆ ತೀರಿಕೊಂಡ, ಇನ್ನೂ ವಯಸ್ಸಿಗೆ ಬಾರದ ಮಗುವಿನ ಆಸ್ತಿ ನೋಡಿಕೊಳ್ಳಲು ನೇಮಕವಾದವನು. ಕ್ರಿಸ್ತಪೂರ್ವ 450ರ ಸುಮಾರಿನ ಹನ್ನೆರಡು ಫಲಕಗಳ ಕಾನೂನಿನಲ್ಲೇ ಇವನ ಮಾತು ಬರುತ್ತದೆ. ಮಗುವಿನ ಆಸ್ತಿ ನುಂಗಿದ ಪಾಲಕ ಎರಡು ಪಟ್ಟು ಕಕ್ಕಬೇಕಿತ್ತು. ಜವಾಬ್ದಾರಿ ಮುಗಿದ ದಿನ ಲೆಕ್ಕ ಒಪ್ಪಿಸಬೇಕಿತ್ತು. ಈ ಕೆಲಸಕ್ಕೆ ಸಂಬಳ ಇರಲಿಲ್ಲ, ಅದು ನಾಗರಿಕನ ಕರ್ತವ್ಯ ಅಂತಿತ್ತು. ಮೊದಲ ‘ಟ್ಯೂಷನ್’ ಪುಕ್ಕಟೆ ಅನ್ನೋದು ತಮಾಷೆಯ ಸಂಗತಿ ಅಲ್ವಾ!

ಇನ್ನು ‘ಪ್ಯೂಪಿಲ್’. ವಿದ್ಯಾರ್ಥಿ ಅಂತ ನಾವು ತಿಳಿದಿರುವ ಈ ಪದಕ್ಕೆ ಮೂಲ ‘ಪುಪಿಲ್ಲುಸ್’. ಅದರರ್ಥ ತಂದೆ ಇಲ್ಲದ ಮಗು, ತೂತೋರ್‌ನ ಕೈಕೆಳಗಿರುವ ಅನಾಥ. ಅಂದರೆ ಟ್ಯೂಟರ್ ಮತ್ತು ಪ್ಯೂಪಿಲ್ ಮೊದಲ ಸಲ ಎದುರುಬದುರಾಗಿದ್ದು ಪಾಠದ ಮಣೆಯ ಮುಂದಲ್ಲ, ಆಸ್ತಿಪತ್ರದ ಮುಂದೆ. ಕಣ್ಣಿನ ನಡುವಿನ ಕಪ್ಪುಬೊಟ್ಟಿಗೂ ಇಂಗ್ಲಿಷಿನಲ್ಲಿ ಪ್ಯೂಪಿಲ್ ಎಂದೇ ಹೆಸರು. ಅಲ್ಲಿ ಕಾಣುವ ಪುಟ್ಟ ಬಿಂಬ ಗೊಂಬೆಯ ಹಾಗಿರುತ್ತದೆ ಅಂತ ರೋಮನ್ನರು ಅದನ್ನು ಪುಟ್ಟ ಗೊಂಬೆ ಎಂದು ಕರೆದರು. ನಾವು ‘ಕಣ್ಣಪಾಪೆ’ ಅಂದಿದ್ದೂ ಅದೇ ಲೆಕ್ಕದಲ್ಲಿ. ಎರಡು ಭಾಷೆಗಳಿಗೂ ಪರಿಚಯವೇ ಇಲ್ಲದೆ ಹೊಳೆದ ಒಂದೇ ಉಪಮೆ.

‘ಇನ್‌ಟ್ಯೂಷನ್’ ಕೂಡ ಈ ಬೇರಿನದೇ, ಒಳಗೆ ನೋಡುವುದು ಅನ್ನುವ ಅರ್ಥದಲ್ಲಿ. ‘ಇನ್‌ಸ್ಟಿಟ್ಯೂಷನ್’ ಮಾತ್ರ ಅಲ್ಲ. ಕೊನೆಯಲ್ಲಿ ಟ್ಯೂಷನ್ ಅಂತ ಕೇಳಿಸಿದರೂ ಅದು ನಿಲ್ಲಿಸು, ಸ್ಥಾಪಿಸು ಎಂಬ ಬೇರೆ ಬೇರಿನಿಂದ ಹುಟ್ಟಿದ್ದು. ನೆಂಟಸ್ತಿಕೆ ಇಲ್ಲ, ಬರೀ ಪ್ರಾಸ.

ಕಾವಲುಗಾರ ಮೇಷ್ಟ್ರಾದ

ಫ್ರೆಂಚ್ ಮೂಲಕ 15ನೇ ಶತಮಾನದಲ್ಲಿ ಪದ ಇಂಗ್ಲಿಷಿಗೆ ಬಂತು. ಆಗಲೂ ಅರ್ಥ ರಕ್ಷಣೆಯೇ. ಕಾಗದದ ಕೊನೆಗೆ ‘ನಿಮ್ಮನ್ನು ದೇವರ ಟ್ಯೂಷನ್‌ಗೆ ಒಪ್ಪಿಸುತ್ತೇನೆ’ ಎಂದು ಬರೆಯುವ ರೂಢಿ ಇತ್ತು. ನಮ್ಮ ಹಳೇ ಪತ್ರಗಳಲ್ಲಿ ‘ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ’ ಅಂತಿದ್ದ ಹಾಗೆ.

ತಿರುವು ಬಂದದ್ದು ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ. ಹದಿನಾಲ್ಕು, ಹದಿನೈದು ವರ್ಷದ ಹುಡುಗರು ಊರು ಬಿಟ್ಟು ಕಾಲೇಜಿಗೆ ಬರುತ್ತಿದ್ದರು. ಅವರ ಖರ್ಚಿನ ದುಡ್ಡು, ನಡತೆ, ಪ್ರಾರ್ಥನೆ, ಓದು ಎಲ್ಲವನ್ನೂ ನೋಡಿಕೊಳ್ಳಲು ಕಾಲೇಜಿನ ಹಿರಿಯನೊಬ್ಬ ಬೇಕಿತ್ತು. ಅವನೇ ಟ್ಯೂಟರ್. ತಂದೆಯ ಜಾಗದಲ್ಲಿ ನಿಂತವನು. ದುಡ್ಡೂ ಅವನ ಕೈಯಲ್ಲೇ ಇರುತ್ತಿತ್ತು. ದಿನ ಕಳೆದಂತೆ ಅವನ ಮುಖ್ಯ ಕೆಲಸ ಪಾಠ ಹೇಳುವುದೇ ಆಯಿತು. ಕೆಲಸ ಬದಲಾದರೂ ಹೆಸರು ಉಳಿಯಿತು. 16ನೇ ಶತಮಾನದ ಕೊನೆಯ ಹೊತ್ತಿಗೆ ಟ್ಯೂಷನ್ ಅಂದರೆ ಬೋಧನೆ ಎಂಬ ಬಳಕೆ ಕಾಣಿಸಿಕೊಳ್ಳುತ್ತದೆ.

ಹಳೆಯ ಅರ್ಥ ಪೂರ್ತಿ ಸತ್ತಿರಲಿಲ್ಲ ಅನ್ನೋದಕ್ಕೆ ಸ್ಕಾಟ್ಲೆಂಡ್ ಸಾಕ್ಷಿ. ಅಲ್ಲಿನ ಕಾನೂನಿನಲ್ಲಿ ಚಿಕ್ಕ ಮಕ್ಕಳ ಪಾಲಕರಿಗೆ ‘ಟ್ಯೂಟರ್’ ಎಂಬ ಪದ 1991ರವರೆಗೂ ಇತ್ತು.

ಪಾಠ ಹೋಗಿ ದುಡ್ಡು ಉಳಿಯಿತು

ಬೋಧನೆಗೆ ಕೊಡುವ ಹಣ ‘ಟ್ಯೂಷನ್ ಫೀ’. ಅಮೆರಿಕದವರು 19ನೇ ಶತಮಾನದಲ್ಲಿ ಬಾಲ ಕತ್ತರಿಸಿ ಬರೀ ‘ಟ್ಯೂಷನ್’ ಅಂದರು. ಅಲ್ಲಿಗೆ ಪದದ ಅರ್ಥವೇ ದುಡ್ಡು. ಇಂಗ್ಲೆಂಡಿನವರು ಇವತ್ತಿಗೂ ಎರಡು ಪದ ಸೇರಿಸಿಯೇ ಹೇಳುತ್ತಾರೆ. 1998ರ ಕಾಯ್ದೆಯಿಂದ ವರ್ಷಕ್ಕೆ 1,000 ಪೌಂಡ್ ಟ್ಯೂಷನ್ ಫೀ ಶುರುವಾಯಿತು. 2012ರಲ್ಲಿ ಮಿತಿ 9,000ಕ್ಕೆ ಏರಿತು. 2025–26ಕ್ಕೆ 9,535. ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ನಮ್ಮ ಮನೆಗಳಲ್ಲಿ ಎರಡೂ ಬಳಕೆ ಕಲಸಿಕೊಂಡಿರುತ್ತವೆ. ಎಂಎಸ್ ಮಾಡಲು ಹೋದ ಹುಡುಗಿ ‘ನಂಗೆ ಟ್ಯೂಷನ್ ವೇವರ್ ಸಿಕ್ತು’ ಅಂದರೆ ಊರಲ್ಲಿರುವ ಅಜ್ಜಿ, ಪಾಪ ಇನ್ನು ಸಂಜೆ ಕ್ಲಾಸಿಗೆ ಹೋಗೋ ಕಾಟ ತಪ್ಪಿತು ಅಂದುಕೊಂಡರೆ ತಪ್ಪೇನೂ ಇಲ್ಲ. ಫೀಸ್ ಮಾಫಿ ಅಂದಿದ್ದರೆ ಅಜ್ಜಿಗೂ ಅರ್ಥ ಆಗುತ್ತಿತ್ತು.

ಈ ಪದವೇ ಒಂದು ರಾಜಕೀಯ ಪ್ರಶ್ನೆಯಾದದ್ದು ಕ್ಯಾಲಿಫೋರ್ನಿಯಾದಲ್ಲಿ. ಆ ಕಥೆ ನಮಗೂ ಹತ್ತಿರದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಹುಟ್ಟಿದ್ದು 1868ರಲ್ಲಿ. ಆದಾಯ ಸಾಲುವಷ್ಟಾದ ಕೂಡಲೇ ರಾಜ್ಯದವರಿಗೆಲ್ಲ ಪ್ರವೇಶ ಮತ್ತು ಟ್ಯೂಷನ್ ಉಚಿತ ಆಗಬೇಕು ಎಂದು ಅದನ್ನು ಸ್ಥಾಪಿಸಿದ ಕಾಯ್ದೆಯಲ್ಲೇ ಬರೆದಿತ್ತು. 1960ರಲ್ಲಿ ಉನ್ನತ ಶಿಕ್ಷಣದ ದೊಡ್ಡ ಯೋಜನೆ ಮಾಡಿದಾಗಲೂ ಇದೇ ಮಾತನ್ನು ಎತ್ತಿಹಿಡಿದರು. ಆದರೆ ಖರ್ಚು ಬೆಳೆಯಿತು. ಟ್ಯೂಷನ್ ವಸೂಲಿ ಮಾಡಿದರೆ ಕೊಟ್ಟ ಮಾತು ಮುರಿದ ಹಾಗೆ. ಏನು ಮಾಡುವುದು? ಬೇರೆ ಹೆಸರು ಇಟ್ಟರು. ‘ಶೈಕ್ಷಣಿಕ ಶುಲ್ಕ’ ಅಂದರು. ಆ ಶುಲ್ಕ ವರ್ಷ ವರ್ಷ ಏರಿತು, ಸಾವಿರಾರು ಡಾಲರ್ ಆಯಿತು, ಆದರೂ ಕಾಗದದಲ್ಲಿ ಟ್ಯೂಷನ್ ಸೊನ್ನೆ! ಕೊನೆಗೆ 2010ರ ನವೆಂಬರ್‌ನಲ್ಲಿ ಆಡಳಿತ ಮಂಡಳಿಯೇ ಇದನ್ನು ಇನ್ನು ಟ್ಯೂಷನ್ ಎಂದೇ ಕರೆಯೋಣ ಎಂದು ತೀರ್ಮಾನಿಸಿತು.

ಅಲ್ಲಿ ‘ಟ್ಯೂಷನ್’ ಅನ್ನುವ ಹೆಸರು ತಪ್ಪಿಸಲು ಪಾಡು. ಕರ್ನಾಟಕದಲ್ಲಿ ಉಲ್ಟಾ. ಇಲ್ಲಿ ಎಲ್ಲರಿಗೂ ‘ಟ್ಯೂಷನ್ ಫೀ’ ಎಂಬ ಹೆಸರೇ ಬೇಕು. ಯಾಕೆ ಅಂತ ನೋಡೋಣ.

ಬೋಧನಾ ಶುಲ್ಕ ಎಂಬ ಮರ್ಯಾದಸ್ಥ ಹೆಸರು

1970–80ರ ದಶಕಗಳಲ್ಲಿ ಖಾಸಗಿ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳು ನಮ್ಮಲ್ಲಿ ಸಾಲುಗಟ್ಟಿ ಹುಟ್ಟಿದವು. ಜೊತೆಗೆ ‘ಡೊನೇಷನ್’ ಎಂಬ ಪದವೂ ಮನೆಮಾತಾಯಿತು. ಇದಕ್ಕೆ ಕಡಿವಾಣ ಹಾಕಲು 1984ರಲ್ಲಿ ರಾಜ್ಯ ಸರ್ಕಾರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಸೀಟಿಗಾಗಿ ಕೊಡುವ ದುಡ್ಡು ಅಪರಾಧ, ಪಾಠಕ್ಕಾಗಿ ಕೊಡುವ ದುಡ್ಡು ಸರಿ. ಗೆರೆ ಎಳೆದದ್ದು ಹೀಗೆ. ಅಂದ ಮೇಲೆ ಯಾವ ದುಡ್ಡನ್ನು ಯಾವ ಹೆಸರಿನಲ್ಲಿ ಬರೆಯುತ್ತೀರಿ ಅನ್ನುವುದೇ ಮುಖ್ಯವಾಯಿತು.

1989ರಲ್ಲಿ ಸರ್ಕಾರ ಖಾಸಗಿ ಮೆಡಿಕಲ್ ಕಾಲೇಜುಗಳ ಟ್ಯೂಷನ್ ಫೀಸನ್ನು ಮೂರು ದರದಲ್ಲಿ ನಿಗದಿ ಮಾಡಿತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಉಳಿದ ಸೀಟುಗಳಲ್ಲಿ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000. ಪಾಠ ಒಂದೇ, ಬೆಂಚು ಒಂದೇ, ಹೆಣ ಕೊಯ್ಯುವ ಟೇಬಲ್ಲೂ ಒಂದೇ. ದುಡ್ಡು ಮಾತ್ರ ಮೂವತ್ತು ಪಟ್ಟು. ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಕೋರ್ಟು, ನೀವು ಟ್ಯೂಷನ್ ಅಂತ ಹೆಸರಿಟ್ಟ ಮಾತ್ರಕ್ಕೆ ಅದು ಟ್ಯೂಷನ್ ಆಗಲ್ಲ, ಇದು ಕ್ಯಾಪಿಟೇಷನ್ನೇ ಎಂಬ ಅರ್ಥದ ತೀರ್ಪು ಕೊಟ್ಟಿತು. ಮರುವರ್ಷವೇ ಇನ್ನೊಂದು ತೀರ್ಪು ಬಂದು ವ್ಯವಸ್ಥೆ ಬದಲಾಯಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ, ಅನುದಾನ ಪಡೆಯದ ಸಂಸ್ಥೆಗಳು ತಮ್ಮ ಶುಲ್ಕ ತಾವೇ ನಿಗದಿ ಮಾಡಬಹುದು, ಬೆಳವಣಿಗೆಗೆ ಸ್ವಲ್ಪ ಮಿಗಿಸಿಕೊಳ್ಳಬಹುದು, ಆದರೆ ಲಾಭಕೋರತನ ಕೂಡದು ಎಂದಿತು. ‘ಸ್ವಲ್ಪ ಮಿಗಿಸುವುದು’ ಎಲ್ಲಿ ಮುಗಿದು ‘ಲಾಭಕೋರತನ’ ಎಲ್ಲಿ ಶುರುವಾಗುತ್ತದೆ ಅನ್ನುವ ಜಗಳ ಇನ್ನೂ ನಡೆದೇ ಇದೆ.

ಈ ಜಗಳ ಮನೆಮನೆಗೆ ಬಂದದ್ದು ಕೋವಿಡ್ ಸಮಯದಲ್ಲಿ. 2021ರ ಜನವರಿ ಕೊನೆಗೆ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು: ಖಾಸಗಿ ಶಾಲೆಗಳು ಹಿಂದಿನ ವರ್ಷದ ಬೋಧನಾ ಶುಲ್ಕದ ಶೇ 70ರಷ್ಟನ್ನು ಮಾತ್ರ ತೆಗೆದುಕೊಳ್ಳಬೇಕು, ಬೇರೆ ಬಾಬ್ತುಗಳನ್ನು ಕೇಳಬಾರದು. ಓದಲು ಸರಳ. ಶಾಲೆಯ ರಸೀದಿ ಕೈಯಲ್ಲಿ ಹಿಡಿದು ನೋಡಿದರೆ ಸರಳ ಅಲ್ಲ.

ಒಂದು ಶಾಲೆಯ ರಸೀದಿಯಲ್ಲಿ ಒಂದೇ ಸಾಲು ಇರುತ್ತದೆ: ‘ಬೋಧನಾ ಶುಲ್ಕ, 50,000’. ಇನ್ನೊಂದು ಶಾಲೆಯದರಲ್ಲಿ ಬೋಧನಾ ಶುಲ್ಕ 20,000, ಟರ್ಮ್ ಫೀ, ಸ್ಮಾರ್ಟ್ ಕ್ಲಾಸ್, ಲ್ಯಾಬ್, ಆಟೋಟ, ಅಭಿವೃದ್ಧಿ ಶುಲ್ಕ ಅಂತ ಉಳಿದ 30,000. ಪೋಷಕರ ಜೇಬಿನಿಂದ ಹೋಗುವುದು ಎರಡೂ ಕಡೆ ಅಷ್ಟೇ ಅಂದುಕೊಳ್ಳೋಣ. ಆದೇಶದ ಪ್ರಕಾರ ಮೊದಲ ಶಾಲೆಗೆ 35,000 ಸಿಗುತ್ತದೆ, ಎರಡನೆಯದಕ್ಕೆ 14,000. ಬಾಬ್ತು ಬಾಬ್ತಾಗಿ ಬಿಡಿಸಿ ಬರೆದ ಶಾಲೆಗೆ ಹೊಡೆತ, ಎಲ್ಲ ಒಂದೇ ಸಾಲಿಗೆ ತುಂಬಿದ ಶಾಲೆಗೆ ಉಳಿತಾಯ. ಇಂಥ ಆದೇಶ ಒಂದು ಸಲ ಬಂದರೆ ಮುಂದಿನ ಸಲ ರಸೀದಿ ಬರೆಯುವವರು ಏನು ಮಾಡುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ.

ಶಾಲೆಗಳ ವಾದ ಹೀಗಿತ್ತು: ಪಾಠ ಅಂದರೆ ಬರೀ ಮೇಷ್ಟ್ರ ಸಂಬಳ ಅಲ್ಲ. ಕಟ್ಟಡದ ಸಾಲ, ಕರೆಂಟು, ಕಸ ಗುಡಿಸುವವರ ಕೂಲಿ ಎಲ್ಲ ಸೇರಿದರೇ ಪಾಠ. ಶುಲ್ಕ ಕಡಿತ ಮಾಡಿದರೆ ಮೊದಲು ಬೀಳುವುದು ಶಿಕ್ಷಕರ ಸಂಬಳದ ಮೇಲೆ. ಪೋಷಕರ ವಾದ: ಮಗು ಶಾಲೆಯ ಗೇಟೇ ದಾಟಿಲ್ಲ, ಮನೆಯ ಮೊಬೈಲು, ಮನೆಯ ಇಂಟರ್ನೆಟ್ಟು, ಲ್ಯಾಬಿಗೆ ದುಡ್ಡು ಯಾಕೆ? ಎರಡರಲ್ಲೂ ನಿಜ ಇತ್ತು. ಕೊನೆಗೆ 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಕಡಿತವನ್ನು ಶೇ 15ಕ್ಕೆ ಇಳಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ರಾಜಸ್ಥಾನದ ಶಾಲೆಗಳ ವಿಷಯದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಅಷ್ಟೇ.

ಕೂಲಿಮಠ, ಮನೆಪಾಠ, ಕೋಚಿಂಗು

ಇನ್ನು ನಮ್ಮ ಸಂಜೆ ಟ್ಯೂಷನ್. ಇಂಗ್ಲಿಷ್ ಪದ ಬರುವ ಮೊದಲೂ ದುಡ್ಡು ಕೊಟ್ಟು ಪಾಠ ಹೇಳಿಸುವ ಪದ್ಧತಿ ಇಲ್ಲಿತ್ತು. ಹಳೇ ಮೈಸೂರು ಸೀಮೆಯ ಕೂಲಿಮಠಗಳಲ್ಲಿ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಕ್ಕಳ ಮನೆಯವರು ಕಾಸನ್ನೋ ಕಾಳನ್ನೋ ಕೊಡುತ್ತಿದ್ದರು. ‘ಕೂಲಿ’ ಎಂದು ಹೆಸರಿನಲ್ಲೇ ಹೇಳಿಬಿಟ್ಟಿತ್ತು, ಮುಚ್ಚುಮರೆ ಇಲ್ಲ. ಸರ್ಕಾರಿ ಶಾಲೆ ಬಂದ ಮೇಲೆ ಮಠ ಹಿಂದೆ ಸರಿಯಿತು, ಶಾಲೆಯ ಬದಲಿಗಲ್ಲ, ಶಾಲೆಯ ಜೊತೆಗೆ ಎಂಬಂತೆ ‘ಮನೆಪಾಠ’ ಬಂತು. ಆಮೇಲೆ ಟ್ಯೂಷನ್. ಎಸ್ಸೆಸ್ಸೆಲ್ಸಿ ಫೇಲಾದವರಿಗೆ ‘ಟ್ಯುಟೋರಿಯಲ್’.

ನಾವು ಆಡುವ ಮಾತನ್ನೇ ಗಮನಿಸಿ. ಮಗುವನ್ನು ಶಾಲೆಗೆ ‘ಸೇರಿಸುತ್ತೇವೆ’, ಟ್ಯೂಷನ್‌ಗೆ ‘ಹಾಕುತ್ತೇವೆ’. ಶಾಲೆಯಲ್ಲಿ ಪಾಠ ‘ಮಾಡುತ್ತಾರೆ’, ಟ್ಯೂಷನ್‌ನಲ್ಲಿ ‘ಹೇಳಿಕೊಡುತ್ತಾರೆ’. ಎರಡನೇ ಸಲ, ನಿಧಾನವಾಗಿ, ಹತ್ತಿರ ಕೂರಿಸಿಕೊಂಡು ಅನ್ನುವ ಭಾವ ಆ ಕ್ರಿಯಾಪದದಲ್ಲೇ ಇದೆ.

ಯಾವುದೇ ಬಡಾವಣೆಯಲ್ಲಿ ಸಂಜೆ ಐದೂವರೆಗೆ ಹೋಗಿ ನೋಡಿ. ಗೇಟಿಗೆ ತಂತಿಯಲ್ಲಿ ಕಟ್ಟಿದ ತಗಡಿನ ಬೋರ್ಡು, ‘1ರಿಂದ 10ನೇ ತರಗತಿ, ಎಲ್ಲ ವಿಷಯ’. ಬಾಗಿಲ ಮುಂದೆ ಹತ್ತು ಹನ್ನೆರಡು ಜೊತೆ ಚಪ್ಪಲಿ. ಹಾಲ್‌ನಲ್ಲಿ ಚಾಪೆ, ಒಂದು ಮೂಲೆಯಲ್ಲಿ ಮಗ್ಗಿ, ಇನ್ನೊಂದು ಮೂಲೆಯಲ್ಲಿ ತ್ರಿಕೋನಮಿತಿ. ಒಳಗೆ ಕುಕ್ಕರ್ ಸೀಟಿ. ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ಇದು ಪಾಠಕ್ಕಿಂತ ಹೆಚ್ಚಾಗಿ ಒಂದು ಭರವಸೆ. ಏಳೂವರೆವರೆಗೆ ಮಗು ಎಲ್ಲಿದೆ ಅಂತ ಗೊತ್ತಿರುತ್ತದೆ. ನೋಡಿಕೊಳ್ಳುವವರು ಒಬ್ಬರು ಇದ್ದಾರೆ. ಲ್ಯಾಟಿನ್ ಗೊತ್ತಿಲ್ಲದ ಟ್ಯೂಷನ್ ಮಿಸ್ ಆ ಪದದ ಮೊದಲ ಅರ್ಥವನ್ನೇ ನಡೆಸುತ್ತಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ರೋಮಿನವನಿಗೆ ಸಂಬಳ ಇರಲಿಲ್ಲ, ಇವರಿಗೆ ತಿಂಗಳಿಗೊಮ್ಮೆ ಕವರಿನಲ್ಲಿ ಬರುತ್ತದೆ, ವ್ಯತ್ಯಾಸ ಅಷ್ಟೇ.

‘ಕೋಚಿಂಗ್’ ಬೇರೆಯೇ ತಳಿ. ಹಂಗೇರಿಯ ಕೋಚ್ ಎಂಬ ಹಳ್ಳಿಯಲ್ಲಿ ಒಳ್ಳೆಯ ಕುದುರೆಗಾಡಿ ಮಾಡುತ್ತಿದ್ದರು, ಗಾಡಿಗೂ ಆ ಊರಿನ ಹೆಸರೇ ಬಂತು. 1830ರ ಸುಮಾರಿಗೆ ಆಕ್ಸ್‌ಫರ್ಡ್ ಹುಡುಗರು, ಪರೀಕ್ಷೆಯನ್ನು ದಾಟಿಸುವ ಮೇಷ್ಟ್ರನ್ನು ತಮಾಷೆಗೆ ‘ಕೋಚ್’ ಅಂದರು, ಕೂರಿಸಿಕೊಂಡು ಆಚೆ ದಡಕ್ಕೆ ಬಿಡುವ ಗಾಡಿ ಅಂತ. ರೈಲಿನ ಕೋಚೂ ಕ್ರಿಕೆಟ್ ಕೋಚೂ ಅಲ್ಲಿಂದಲೇ. ಬೆಂಗಳೂರಿನ ವಿಜಯನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ಬೋರ್ಡುಗಳ ಕೆಳಗೆ ನಡೆದು ಹೋದರೆ ಈ ಹೋಲಿಕೆ ಎಷ್ಟು ಸರಿ ಅಂತ ತಿಳಿಯುತ್ತದೆ. ಅಲ್ಲಿ ಮಾತೆಲ್ಲ ಊರು ಮುಟ್ಟುವುದರದ್ದೇ: ಪಿಎಸ್‌ಐ, ಕೆಎಎಸ್, ಎಫ್‌ಡಿಎ.

2025ರ ಏಪ್ರಿಲ್‌ನಿಂದ ಜೂನ್‌ವರೆಗೆ ಕೇಂದ್ರ ಸರ್ಕಾರ ನಡೆಸಿದ ಶಿಕ್ಷಣ ಸಮೀಕ್ಷೆಯ ಪ್ರಕಾರ, ಶಾಲೆಗೆ ಹೋಗುವ ಮಕ್ಕಳಲ್ಲಿ ಶೇ 27ರಷ್ಟು ಆ ವರ್ಷ ಖಾಸಗಿ ಕೋಚಿಂಗ್ ಪಡೆದವರು. ಪಟ್ಟಣಗಳಲ್ಲಿ ಶೇ 30.7, ಹಳ್ಳಿಗಳಲ್ಲಿ ಶೇ 25.5. ಅಂತರ ನೋಡಿ, ಜಾಸ್ತಿ ಏನಿಲ್ಲ. ಟ್ಯೂಷನ್ ಪೇಟೆಯ ಖಯಾಲಿ ಅನ್ನುವ ಕಾಲ ಮುಗಿದಿದೆ.

ತೆರಿಗೆಯವರ ಕಣ್ಣಲ್ಲಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ತೆರಿಗೆ ವಿನಾಯಿತಿ ಸಿಗುವುದು ಭಾರತದಲ್ಲಿರುವ ಶಾಲೆ, ಕಾಲೇಜು, ವಿಶ್ವವಿದ್ಯಾಲಯದಲ್ಲಿ ಪೂರ್ಣಾವಧಿ ಓದಿಗೆ ಕಟ್ಟುವ ಬೋಧನಾ ಶುಲ್ಕಕ್ಕೆ. ಇಬ್ಬರು ಮಕ್ಕಳವರೆಗೆ. ಪಿಎಫ್, ಎಲ್‌ಐಸಿ ಎಲ್ಲ ಸೇರಿ ಒಟ್ಟು ಮಿತಿ ಒಂದೂವರೆ ಲಕ್ಷ. ಅದೂ ಹೊಸ ಕಾಯ್ದೆಯಲ್ಲೂ ಉಳಿದಿರುವ ‘ಹಳೇ ತೆರಿಗೆ ಪದ್ಧತಿ’ಯನ್ನು ಆರಿಸಿಕೊಂಡವರಿಗೆ ಮಾತ್ರ. ಅಭಿವೃದ್ಧಿ ಶುಲ್ಕ, ಡೊನೇಷನ್ ಇದಕ್ಕೆ ಸೇರಲ್ಲ. ಸಂಜೆ ಟ್ಯೂಷನ್, ಕೋಚಿಂಗ್ ಸೇರಲ್ಲ. ಅಮೆರಿಕಕ್ಕೆ ಕಟ್ಟಿದ ಟ್ಯೂಷನ್ನೂ ಸೇರಲ್ಲ.

ಇದರಿಂದ ಆಗುವುದು ಏನು? ಶಾಲೆಯ ರಸೀದಿಯಲ್ಲಿ ಬೋಧನಾ ಶುಲ್ಕದ ಸಾಲು ದೊಡ್ಡದಾಗಿದ್ದಷ್ಟೂ ಪೋಷಕರಿಗೆ ಲಾಭ. ಕಡಿತದ ಆದೇಶ ಬಂದರೆ ಶಾಲೆಗೂ ಲಾಭ. ಎರಡೂ ಕಡೆಯವರಿಗೆ ಎಲ್ಲ ದುಡ್ಡನ್ನೂ ಟ್ಯೂಷನ್ ಎಂದೇ ಬರೆಯುವ ಆಸೆ ಇರುವಾಗ, ಪಾಠಕ್ಕೆ ನಿಜವಾಗಿ ಎಷ್ಟು ಖರ್ಚಾಗುತ್ತಿದೆ ಅನ್ನುವ ಲೆಕ್ಕ ಮಸುಕಾಗುತ್ತದೆ.

ಜಿಎಸ್‌ಟಿಯಲ್ಲೂ ಇದೇ ಇಬ್ಭಾಗ. ಶಾಲೆಯ ಶಿಕ್ಷಣಕ್ಕೆ ತೆರಿಗೆ ಇಲ್ಲ, ಕೋಚಿಂಗ್‌ಗೆ ಶೇ 18. ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ನೋಂದಣಿ ಬೇಕಿಲ್ಲ, ಹಾಗಾಗಿ ಚಾಪೆ ಹಾಸಿದ ಹಾಲ್‌ಗೆ ಇದರ ಬಿಸಿ ತಟ್ಟಲ್ಲ. ನಿಜವಾದ ತೊಡಕು ಇರುವುದು ‘ಇಂಟಿಗ್ರೇಟೆಡ್’ ಪಿಯು ಕಾಲೇಜುಗಳಲ್ಲಿ. ಬೆಳಿಗ್ಗೆ ಪಿಯುಸಿ ಪಾಠ, ಮಧ್ಯಾಹ್ನ ನೀಟ್ ತಯಾರಿ, ಅದೇ ಕೊಠಡಿ, ಕೆಲವೊಮ್ಮೆ ಅದೇ ಉಪನ್ಯಾಸಕರು. ಎರಡೂ ಒಂದೇ ರಸೀದಿಯಲ್ಲಿ ಸೇರಿದರೆ ಯಾವುದು ಬೋಧನಾ ಶುಲ್ಕ, ಯಾವುದು ಕೋಚಿಂಗ್ ಅಂತ ಬಿಡಿಸುವವರು ಯಾರು?

ಮೇಷ್ಟ್ರು ಟ್ಯೂಷನ್ ಹೇಳಬಾರದಾ?

ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಒಂದೇ ವಾಕ್ಯದ್ದು. ಯಾವ ಶಿಕ್ಷಕರೂ ಖಾಸಗಿ ಟ್ಯೂಷನ್ ಅಥವಾ ಖಾಸಗಿ ಬೋಧನೆಯಲ್ಲಿ ತೊಡಗಬಾರದು. ಟ್ಯೂಷನ್ ಹೇಳುವುದೇ ಅಪರಾಧ ಅಂತ ಕೆಲವರು ಇದನ್ನು ಓದಿಕೊಳ್ಳುತ್ತಾರೆ. ಹಾಗಲ್ಲ. ನಿಷೇಧ ಇರುವುದು ಶಾಲಾ ಶಿಕ್ಷಕರಿಗೆ. ಕೆಲಸ ಬಿಟ್ಟ ಗೃಹಿಣಿ, ಎಂಎಸ್ಸಿ ಓದುವ ಹುಡುಗ, ನಿವೃತ್ತ ಮೇಷ್ಟ್ರು ಇದರ ವ್ಯಾಪ್ತಿಗೆ ಬರಲ್ಲ.

ಕಾರಣ ಸ್ಪಷ್ಟ. ಬೆಳಿಗ್ಗೆ ತರಗತಿಯಲ್ಲಿ ಕಲಿಸುವವರೇ ಸಂಜೆ ಅದನ್ನು ದುಡ್ಡಿಗೆ ಕಲಿಸಿದರೆ, ಬೆಳಿಗ್ಗೆ ಅರ್ಧಕ್ಕೆ ನಿಲ್ಲಿಸುವ ಆಸೆ ಹುಟ್ಟುತ್ತದೆ. ಇಂಟರ್ನಲ್ ಅಂಕ ಅವರ ಕೈಯಲ್ಲೇ ಇದ್ದರೆ ಪೋಷಕರು ಬೇಡ ಅನ್ನಲಾರರು. ಆದರೆ ಇನ್ನೊಂದು ಮಾತೂ ಇದೆ. ಸರ್ಕಾರಿ ಶಿಕ್ಷಕರಿಗೆ ಒಳ್ಳೆಯ ಸಂಬಳವಿದೆ, ಸಣ್ಣ ಖಾಸಗಿ ಶಾಲೆಯವರಿಗೆ ಇಲ್ಲ. ಅವರಿಗೆ ಸಂಜೆಯ ಎಂಟು ಮಕ್ಕಳೇ ಮನೆ ಬಾಡಿಗೆ. ಶಾಲೆ ಕಡಿಮೆ ಸಂಬಳ ಕೊಟ್ಟು, ಕಾಯ್ದೆ ಸಂಜೆಯ ಗಳಿಕೆಯನ್ನೂ ತಡೆದರೆ, ಒಳ್ಳೆಯವರು ಶಾಲೆ ಬಿಟ್ಟು ಕೋಚಿಂಗ್ ಸೆಂಟರ್ ಸೇರುತ್ತಾರೆ. ನಿಷೇಧ ತಪ್ಪು ಅಂತ ನಾನು ಹೇಳುತ್ತಿಲ್ಲ. ಸಂಬಳದ ಮಾತಿಲ್ಲದೆ ಬರೀ ನಿಷೇಧ ಮಾಡಿದರೆ ಆಗುವುದು ಇದು.

ದಕ್ಷಿಣ ಕೊರಿಯಾದಲ್ಲಿ 1980ರಲ್ಲಿ ಖಾಸಗಿ ಪಾಠವನ್ನೇ ನಿಷೇಧಿಸಿದರು. ಕದ್ದುಮುಚ್ಚಿ ನಡೆಯಿತು, ಕದ್ದದ್ದು ಅಂತ ದರ ಇನ್ನೂ ಜಾಸ್ತಿ. 2000ದಲ್ಲಿ ಅಲ್ಲಿನ ಸಂವಿಧಾನ ಕೋರ್ಟು ನಿಷೇಧವನ್ನೇ ರದ್ದು ಮಾಡಿತು. ಚೀನಾ 2021ರಲ್ಲಿ ಶಾಲಾ ವಿಷಯಗಳ ಟ್ಯೂಷನ್ ಕಂಪನಿಗಳು ಲಾಭ ಮಾಡುವಂತಿಲ್ಲ ಎಂದಿತು. ಕಂಪನಿಗಳು ಕುಸಿದವು. ಪರೀಕ್ಷೆ ಹಾಗೇ ಇತ್ತು, ಪಾಠ ಮನೆಗಳೊಳಗೆ ಹೋಯಿತು.

ಐವತ್ತರ ಗೆರೆ

2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಸೆಂಟರ್‌ಗಳಿಗೆ ಮಾರ್ಗಸೂಚಿ ಹೊರಡಿಸಿತು. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ಇಲ್ಲವೇ ಹತ್ತನೇ ತರಗತಿ ಪರೀಕ್ಷೆ ಮುಗಿದಿರಬೇಕು. ಪಾಠ ಹೇಳುವವರು ಪದವೀಧರರಾಗಿರಬೇಕು. ದಿನಕ್ಕೆ ಐದು ಗಂಟೆ ಮೀರಬಾರದು, ಶಾಲೆಯ ಹೊತ್ತಿನಲ್ಲಿ ನಡೆಸಬಾರದು, ವಾರಕ್ಕೊಂದು ರಜೆ ಇರಬೇಕು. ರ‍್ಯಾಂಕ್ ಗ್ಯಾರಂಟಿ ಅನ್ನಬಾರದು. ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ದುಡ್ಡು ಹತ್ತು ದಿನದೊಳಗೆ ವಾಪಸ್. ತಪ್ಪಿದರೆ ಮೊದಲ ಸಲ 25,000, ಎರಡನೇ ಸಲ ಒಂದು ಲಕ್ಷ ದಂಡ.

ಈ ಸುದ್ದಿ ಬಂದಾಗ ಹುಟ್ಟಿದ ಗಾಬರಿ: ಹಾಗಾದರೆ ಐದನೇ ಕ್ಲಾಸಿನ ಮಗುವನ್ನು ಟ್ಯೂಷನ್‌ಗೆ ಹಾಕುವಂತಿಲ್ಲವೇ? ಹಾಕಬಹುದು. ಮಾರ್ಗಸೂಚಿ ಕೋಚಿಂಗ್ ಎಂದರೆ ಏನು ಅಂತ ಹೇಳುವಾಗ ‘ಟ್ಯೂಷನ್’ ಪದವನ್ನೇ ಬಳಸುತ್ತದೆ, ಆದರೆ 50ಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿದ್ದರೆ ಮಾತ್ರ. ನಲವತ್ತೊಂಬತ್ತು ಮಕ್ಕಳಿದ್ದರೆ ಟ್ಯೂಷನ್, ಐವತ್ತೊಂದಾದರೆ ಕೋಚಿಂಗ್. ಭಾಷೆ ನಾಲ್ಕು ನೂರು ವರ್ಷ ತೆಗೆದುಕೊಂಡು ಮಾಡಿದ ಕೆಲಸವನ್ನು ಇಲ್ಲಿ ಒಂದು ಸಂಖ್ಯೆ ಮಾಡಿ ಮುಗಿಸಿದೆ.

ಇನ್ನೊಂದು ವಿಷಯ. ಇದು ಮಾರ್ಗಸೂಚಿ, ಕಾನೂನಲ್ಲ. ಶಿಕ್ಷಣ ಸಂವಿಧಾನದ 1976ರ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದು, ರಾಜ್ಯಗಳು ತಮ್ಮದೇ ಕಾಯ್ದೆ ಅಥವಾ ನಿಯಮ ಮಾಡಿದರೆ ಮಾತ್ರ ಇದಕ್ಕೆ ಹಲ್ಲು ಬರುತ್ತದೆ. ರಾಜಸ್ಥಾನ 2025ರಲ್ಲಿ ಕೋಚಿಂಗ್ ಸೆಂಟರ್ ಮಸೂದೆ ಅಂಗೀಕರಿಸಿತು. ಅದೇ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಪ್ರಕರಣವೊಂದರಲ್ಲಿ, ಕೋಚಿಂಗ್ ಸೆಂಟರ್‌ಗಳ ನೋಂದಣಿಗೆ ಎರಡು ತಿಂಗಳೊಳಗೆ ನಿಯಮ ಮಾಡಿ ಎಂದು ರಾಜ್ಯಗಳಿಗೆ ಹೇಳಿತು. ಕರ್ನಾಟಕದ ಶಿಕ್ಷಣ ಕಾಯ್ದೆಯಲ್ಲಿ ‘ಟ್ಯುಟೋರಿಯಲ್ ಸಂಸ್ಥೆ’ಗಳ ನೋಂದಣಿಯ ಮಾತು ಮೊದಲಿಂದಲೂ ಇದೆ. ಆದರೆ ಆ ಕಾಯ್ದೆ 1983ರದ್ದು, ಮೊಬೈಲಿನಲ್ಲಿ ನಡೆಯುವ ಪಾಠ, ಇಂಟಿಗ್ರೇಟೆಡ್ ಕಾಲೇಜು ಅದರ ಕನಸಿನಲ್ಲೂ ಇರಲಿಲ್ಲ.

ಕೇಂದ್ರದ ಮಾರ್ಗಸೂಚಿಯ ಕೆಲವು ನಿಯಮಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ವಾರದ ರಜೆ, ಬೆಂಕಿ ಆರಿಸುವ ಸಾಧನ, ಆಪ್ತಸಮಾಲೋಚಕರು, ಒಬ್ಬೊಬ್ಬರಿಗೆ ಕನಿಷ್ಠ ಒಂದು ಚದರ ಮೀಟರ್ ಜಾಗ. ಯಾವುದೂ ಪಾಠದ ಬಗ್ಗೆ ಅಲ್ಲ, ಮಗುವನ್ನು ಕಾಯುವ ಬಗ್ಗೆ. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಕೋಚಿಂಗ್ ಸೆಂಟರ್ ಒಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ಐಎಎಸ್ ಆಕಾಂಕ್ಷಿಗಳು ಸತ್ತರು. ನೆಲಮಾಳಿಗೆಯನ್ನು ಉಗ್ರಾಣ ಅಂತ ತೋರಿಸಿ ಗ್ರಂಥಾಲಯ ಮಾಡಿದ್ದರು. ಅವರು ಕಟ್ಟಿದ್ದ ಫೀಸಿನಲ್ಲಿ ಪಾಠ ಸೇರಿತ್ತು. ಕಾವಲು ಸೇರಿತ್ತೇ ಅನ್ನುವುದು ರಸೀದಿಯ ಯಾವ ಸಾಲಿನಲ್ಲೂ ಬರೆದಿರಲ್ಲ.

ಐವತ್ತರ ಗೆರೆಯಿಂದ ಮುಂದೆ ಆಗಬಹುದಾದದ್ದು ಎರಡು. ಮಧ್ಯಮ ಗಾತ್ರದ ಸೆಂಟರ್‌ಗಳು ಲೆಕ್ಕದಲ್ಲಿ ತುಂಡಾಗಿ ತಲಾ ನಲವತ್ತೆಂಟು ಮಕ್ಕಳ ‘ಟ್ಯೂಷನ್’ಗಳಾಗಬಹುದು. ದೊಡ್ಡವು ಪಿಯು ಕಾಲೇಜುಗಳ ಒಳಗೆ ಸೇರಿಕೊಂಡು ‘ಬೋಧನಾ ಶುಲ್ಕ’ ಎಂಬ ಹೆಸರು ಪಡೆಯಬಹುದು. ಎರಡರಲ್ಲೂ ಪದ ಬದಲಾಗುತ್ತದೆ, ಕೊಠಡಿ ಬದಲಾಗಲ್ಲ. ರಾಜ್ಯ ಹೊಸ ನಿಯಮ ಬರೆಯುವಾಗ ಹೆಸರನ್ನೂ ತಲೆ ಎಣಿಕೆಯನ್ನೂ ಬಿಟ್ಟು, ಎಷ್ಟು ಗಂಟೆ, ಯಾವ ಕಟ್ಟಡ, ಯಾವ ವಯಸ್ಸಿನ ಮಗು ಅನ್ನುವುದರ ಮೇಲೆ ಗೆರೆ ಎಳೆದರೆ ಈ ದಾರಿ ಮುಚ್ಚುತ್ತದೆ. ಅಲ್ಲಿಯವರೆಗೆ ಪೋಷಕರು ಮಾಡಬಹುದಾದ್ದು ಇಷ್ಟು: ಶಾಲೆಯ ರಸೀದಿಯಲ್ಲಿ ಬೋಧನಾ ಶುಲ್ಕ ಬೇರೆ ಸಾಲಾಗಿ ಇದೆಯೇ ನೋಡಿ, ತೆರಿಗೆಗೆ ಆ ಸಾಲನ್ನಷ್ಟೇ ತೋರಿಸಿ. ಸಂಜೆಯ ಮಿಸ್‌ಗೆ ಕೊಡುವ ಕವರಿಗೆ ರಸೀದಿಯೂ ಇಲ್ಲ, ವಿನಾಯಿತಿಯೂ ಇಲ್ಲ.